ಆರು ಸಲ ತಿದ್ದಿದ ಬಾಡಿಗೆ ಕರಾರು: ಒಂದೇ ಪತ್ರ ಮಾಡುವ ಮುಂಚೆ

ಪ್ರಶ್ನೆ: ತುಮಕೂರಿನ ಹತ್ತಿರ ನಮ್ಮ ತಂದೆಯ ಹೆಸರಿನಲ್ಲಿ ಒಂದು ಗೋದಾಮು ಇದೆ. 2012ರ ಅಕ್ಟೋಬರ್‌ನಿಂದ 15 ವರ್ಷಕ್ಕೆ ಒಂದು ಕಂಪನಿಗೆ ಬಾಡಿಗೆಗೆ ಕೊಟ್ಟಿದ್ದಾರೆ, ಕರಾರು ರಿಜಿಸ್ಟರ್ ಆಗಿದೆ. ಆಮೇಲೆ ಆರು ಸಲ ಅದನ್ನು ತಿದ್ದಿದ್ದಾರೆ. 2017ರಲ್ಲಿ ಪಕ್ಕದ ಶೆಡ್ ಸೇರಿಸಿದ್ದು (ಇದೂ ರಿಜಿಸ್ಟರ್ ಆಗಿದೆ), 2018ರಲ್ಲಿ ಜಿಎಸ್‌ಟಿ ಬಗ್ಗೆ ಒಂದು ಪತ್ರ, 2020ರಲ್ಲಿ ಕೋವಿಡ್ ರಿಯಾಯಿತಿಯ ಇಮೇಲ್, 2021ರಲ್ಲಿ ಬಾಡಿಗೆ ಏರಿಕೆಯ ದರ ಬದಲಿಸಿ ಸ್ಟ್ಯಾಂಪ್ ಪೇಪರ್ ಮೇಲೆ ಒಂದು ಪುಟ, 2022ರಲ್ಲಿ ಕಂಪನಿ ಇನ್ನೊಂದರಲ್ಲಿ ವಿಲೀನವಾದ ಪತ್ರ, 2024ರಲ್ಲಿ ಮತ್ತೆ ಸ್ಟ್ಯಾಂಪ್ ಪೇಪರ್ ಮೇಲೆ 2032ರವರೆಗೆ ಅವಧಿ ವಿಸ್ತರಣೆ. ಕಂಪನಿ ಈಗ ತಿಂಗಳಿಗೆ 3,44,960 ರೂಪಾಯಿ ಕೊಡುತ್ತಿದೆ. ನನ್ನ ಲೆಕ್ಕದಲ್ಲಿ 3,51,232 ಬರಬೇಕು. 2026ರ ಅಕ್ಟೋಬರ್‌ನಲ್ಲಿ ಮತ್ತೆ ಬಾಡಿಗೆ ಏರಬೇಕು. ಕಂಪನಿಯವರು ಎಲ್ಲವನ್ನೂ ಸೇರಿಸಿ ಒಂದೇ ಪತ್ರ ಟೈಪ್ ಮಾಡಿ ಕಳಿಸಿದ್ದಾರೆ, ಇಬ್ಬರೂ ಸಹಿ ಹಾಕಿದರೆ ಆಯ್ತು ಅನ್ನುತ್ತಾರೆ. ಅಷ್ಟು ಸಾಕಾ?

ಉತ್ತರ: ಸಾಕಾಗಲ್ಲ. ಸದ್ಯಕ್ಕೆ ಸಹಿ ಹಾಕಬೇಡಿ. ಕಂಪನಿಯವರು ಮೋಸ ಮಾಡುತ್ತಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ನೀವು ಕಳಿಸಿದ ಕರಡಿನಲ್ಲಿ ಎರಡು ಬೇರೆ ಬೇರೆ ಕೆಲಸ ಒಂದರೊಳಗೊಂದು ಬೆರೆತುಹೋಗಿವೆ. ಇವತ್ತು ನಿಮ್ಮ ಕರಾರು ಏನು ಹೇಳುತ್ತದೆ ಎಂದು ಒಂದಕ್ಷರವೂ ಬದಲಿಸದೆ ಬರೆದಿಡುವುದು ಒಂದು ಕೆಲಸ. ಅದು ನಾಳೆ ಏನು ಹೇಳಬೇಕು ಎಂದು ಇಬ್ಬರೂ ಕೂತು ತೀರ್ಮಾನಿಸುವುದು ಇನ್ನೊಂದು. ಮೊದಲನೆಯದು ಮುಗಿಯದೆ ಎರಡನೆಯದಕ್ಕೆ ಕೈ ಹಾಕಬಾರದು. ಹಾಕಿದರೆ ಯಾವುದು ಹಳೆಯ ಮಾತು, ಯಾವುದು ಹೊಸ ಬದಲಾವಣೆ ಎಂದು ಆಮೇಲೆ ಯಾರಿಗೂ ಹೇಳೋಕೆ ಆಗಲ್ಲ, ಟೈಪ್ ಮಾಡಿದವರಿಗೂ ಕೂಡ.

ನಿಮ್ಮ 3,51,232ರ ವಿಷಯವೇ ತೆಗೆದುಕೊಳ್ಳಿ. 2012ರ ಕರಾರಿನ ಕಲಂ 5ರಲ್ಲಿ ಪ್ರತಿ 3 ವರ್ಷಕ್ಕೊಮ್ಮೆ ಶೇ 15 ಏರಿಕೆ ಎಂದಿತ್ತು. 2017ರ ತಿದ್ದುಪಡಿ ಏನು ಮಾಡಿತು? ಕಲಂ 5ನ್ನು ಪೂರ್ತಿ ತೆಗೆದು ಹೊಸದನ್ನು ಹಾಕಿತು. ಶೆಡ್ ಸೇರಿ ತಿಂಗಳಿಗೆ 2,80,000, ಪ್ರತಿ 3 ವರ್ಷಕ್ಕೆ ಶೇ 12 ಏರಿಕೆ. 2020ರ ಅಕ್ಟೋಬರ್‌ನಲ್ಲಿ ಅದು 3,13,600 ಆಯಿತು. ಇಲ್ಲಿಯವರೆಗೆ ತಕರಾರಿಲ್ಲ. ಆಮೇಲೆ ಬಂತು 2021ರ ಆ ಒಂದು ಪುಟ. ಅದರಲ್ಲಿರುವ ಸಾಲು ನೋಡಿ: ‘ಮೂಲ ಕರಾರಿನ ಕಲಂ 5ರಲ್ಲಿ ಶೇ 15 ಎಂದಿರುವ ಕಡೆ ಶೇ 10 ಎಂದು ಓದಿಕೊಳ್ಳತಕ್ಕದ್ದು.’ ಆದರೆ 2021ರ ಹೊತ್ತಿಗೆ ಕಲಂ 5ರಲ್ಲಿ 15 ಎಂಬ ಅಂಕಿಯೇ ಇರಲಿಲ್ಲ! ಅಲ್ಲಿದ್ದದ್ದು 12. ಬರೆದವರು 2012ರ ಪ್ರತಿಯನ್ನು ಮುಂದಿಟ್ಟುಕೊಂಡು ತಿದ್ದಿದ್ದಾರೆ, 2017ರದ್ದನ್ನು ತೆರೆದೇ ನೋಡಿಲ್ಲ. ಹಾಗಾಗಿ 2023ರ ಅಕ್ಟೋಬರ್‌ನಲ್ಲಿ ಶೇ 10 ಏರಿಸಿದರೆ 3,44,960, ಶೇ 12 ಏರಿಸಿದರೆ 3,51,232. ತಿಂಗಳಿಗೆ 6,272 ರೂಪಾಯಿ ವ್ಯತ್ಯಾಸ. ಮೂರು ವರ್ಷಕ್ಕೆ 2,25,792. ಇದರ ಮೇಲೆ 2026ರ ಏರಿಕೆ ಬೇರೆ ಕೂರುತ್ತದೆ.

ಕಂಪನಿಯ ಕರಡಿನಲ್ಲಿ ಇದಕ್ಕೆ ಏನು ಮಾಡಿದ್ದಾರೆ? ಬಾಡಿಗೆ ಏರಿಕೆಯ ಕಲಮಿನಲ್ಲಿ ಸುಮ್ನೆ ಶೇ 10 ಎಂದು ಬರೆದಿದ್ದಾರೆ. ಅಡಿಟಿಪ್ಪಣಿ ಇಲ್ಲ, ವಿವರಣೆ ಇಲ್ಲ. ಬಹುಶಃ ಅವರ ಕಡೆಯವರಿಗೆ ಅದೇ ಸರಿ ಅನ್ನಿಸಿರಬಹುದು. ಆದರೆ ಇದು ಟೈಪ್ ಮಾಡುವವರು ತೀರ್ಮಾನಿಸುವ ವಿಷಯ ಅಲ್ಲವೇ ಅಲ್ಲ. ಇಬ್ಬರೂ ಒಪ್ಪಿ ಬರೆಯಬೇಕಾದದ್ದು. ನೀವು ಸಹಿ ಹಾಕಿದ ಕ್ಷಣಕ್ಕೆ ಅದು ನಿಮ್ಮದೂ ಮಾತಾಗುತ್ತದೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಮೊದಲು ಏಳೂ ಕಾಗದಗಳನ್ನು ಒಟ್ಟುಮಾಡಿ. ಮೂಲ ಒಂದು, ತಿದ್ದುಪಡಿ ಆರು. ರಿಜಿಸ್ಟರ್ ಆದ ಎರಡಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ತೆಗೆಸಿ. ಮನೆಯಲ್ಲಿರುವ ಜೆರಾಕ್ಸ್ ನಂಬಬೇಡಿ, ಜೆರಾಕ್ಸ್‌ಗಳಲ್ಲಿ ಹಿಂಬದಿಯ ಪುಟ, ಅನುಬಂಧದ ನಕ್ಷೆ ಬಿಟ್ಟುಹೋಗಿರುವುದೇ ಜಾಸ್ತಿ. ಇಮೇಲ್ ಇದ್ದರೆ ಆ ಒಂದು ಇಮೇಲ್ ಮಾತ್ರ ಅಲ್ಲ, ಅದರ ಹಿಂದೆ ಮುಂದೆ ನಡೆದ ಪೂರ್ತಿ ಮಾತುಕತೆ ಬೇಕು. ಆಮೇಲೆ ಇವನ್ನು ಜೋಡಿಸಿ. ಸಹಿ ಹಾಕಿದ ತಾರೀಕಿನ ಪ್ರಕಾರ ಅಲ್ಲ, ಯಾವಾಗಿನಿಂದ ಜಾರಿಗೆ ಬಂತೋ ಆ ತಾರೀಕಿನ ಪ್ರಕಾರ. ಜೂನ್‌ನಲ್ಲಿ ಸಹಿ ಹಾಕಿ ‘ಏಪ್ರಿಲ್ 1ರಿಂದ ಅನ್ವಯ’ ಎಂದು ಬರೆಯುವುದು ನಮ್ಮಲ್ಲಿ ಮಾಮೂಲು, ಅಲ್ವಾ?

ಈಗ ಓದುಪ್ರತಿ ತಯಾರಿಸಿ. ಇದಕ್ಕೆ ಸಹಿ ಬೇಕಿಲ್ಲ, ಇದು ನಿಮ್ಮ ಕೈಗನ್ನಡಿ ಅಷ್ಟೇ. 2012ರ ಪಠ್ಯ ತೆಗೆದುಕೊಂಡು ಒಂದೊಂದೇ ತಿದ್ದುಪಡಿಯನ್ನು ಅದರೊಳಗೆ ಕೂರಿಸುತ್ತಾ ಹೋಗಿ. ಬದಲಾದ ಪ್ರತಿ ಮಾತಿಗೂ ಅಡಿಟಿಪ್ಪಣಿ ಕೊಡಿ: ಯಾವ ಪತ್ರ, ಯಾವ ಕಲಂ, ಯಾವಾಗಿನಿಂದ. ಇದಕ್ಕೆ ಒಳ್ಳೆಯ ಮಾದರಿ ಬೇಕಾದರೆ ಕೇಂದ್ರ ಕಾನೂನು ಸಚಿವಾಲಯ ಪ್ರಕಟಿಸುವ ಸಂವಿಧಾನದ ಪ್ರತಿ ತೆರೆದು ನೋಡಿ. ಪ್ರಸ್ತಾವನೆಯಲ್ಲೇ ಅಡಿಟಿಪ್ಪಣಿ ಇದೆ. ‘ಸಮಾಜವಾದಿ’, ‘ಜಾತ್ಯತೀತ’ ಎಂಬ ಮಾತುಗಳು 1976ರ 42ನೇ ತಿದ್ದುಪಡಿಯಿಂದ ಬಂದವು, 1977ರ ಜನವರಿ 3ರಿಂದ ಜಾರಿ ಎಂದು ಅಲ್ಲೇ ಗೊತ್ತಾಗುತ್ತದೆ. 106 ತಿದ್ದುಪಡಿ ಆದ ಮೇಲೂ ಅದನ್ನು ಒಂದೇ ಪುಸ್ತಕವಾಗಿ ಓದಲು ಆಗುತ್ತಿರುವುದು ಈ ಶಿಸ್ತಿನಿಂದ. ಇನ್ನೊಂದು ಗಮನಿಸಿ. 44ನೇ ತಿದ್ದುಪಡಿಯಲ್ಲಿ 31ನೇ ವಿಧಿಯನ್ನು ತೆಗೆದುಹಾಕಿದರು. ಆದರೆ 32ನ್ನು 31 ಮಾಡಲಿಲ್ಲ. 31ರ ಜಾಗದಲ್ಲಿ ‘ತೆಗೆದುಹಾಕಲಾಗಿದೆ’ ಎಂದು ಬರೆದು ಹಾಗೇ ಬಿಟ್ಟರು.

ನೀವೂ ಓದುಪ್ರತಿಯಲ್ಲಿ ಹಾಗೇ ಮಾಡಿ. ನಂಬರ್ ಬದಲಿಸಬೇಡಿ. ಕಂಪನಿಯ ಕರಡಿನಲ್ಲಿ ಎಲ್ಲ ಕಲಂಗಳಿಗೂ ಹೊಸ ನಂಬರ್ ಕೊಟ್ಟಿದ್ದಾರೆ, ಆದರೆ ಬಾಕಿ ಬಾಡಿಗೆಗೆ ಬಡ್ಡಿ ಹಾಕುವ ಕಲಂ ಮಾತ್ರ ಇನ್ನೂ ‘ಕಲಂ 5ರ ಪ್ರಕಾರ’ ಎನ್ನುತ್ತಿದೆ. ಅವರ ಹೊಸ ಕ್ರಮದಲ್ಲಿ ಕಲಂ 5 ಅಂದರೆ ವಿದ್ಯುತ್ ಬಿಲ್! ದಂಡ ಸಂಹಿತೆ ಹೋಗಿ 2024ರ ಜುಲೈ 1ರಿಂದ ನ್ಯಾಯ ಸಂಹಿತೆ ಬಂದಾಗ 420ನೇ ಕಲಂ 318ಕ್ಕೆ ಹೋಯಿತು. ಪೊಲೀಸರು, ವಕೀಲರು ಎಲ್ಲರೂ ಹಳೆ ನಂಬರ್ ಹೊಸ ನಂಬರ್ ಪಟ್ಟಿ ಹಿಡಿದು ಓಡಾಡಬೇಕಾಯಿತು. ಕೊನೆಯ ಪತ್ರದಲ್ಲಿ ಹೊಸ ನಂಬರ್ ಕೊಡಲೇಬೇಕು ಅಂದರೆ ಕೊಡಿ, ಅಂಥದ್ದೇ ಒಂದು ಹೋಲಿಕೆ ಪಟ್ಟಿಯನ್ನು ಅನುಬಂಧವಾಗಿ ಸೇರಿಸಿ.

ಓದುಪ್ರತಿ ಮಾಡುವಾಗ ತಪ್ಪಿಹೋಗುವುದು ದೊಡ್ಡ ವಿಷಯಗಳಲ್ಲ. ಬಾಡಿಗೆ, ಅವಧಿ ಎಲ್ಲರ ಕಣ್ಣಿಗೂ ಬೀಳುತ್ತವೆ. ತಪ್ಪಿಹೋಗುವುದು ತಿದ್ದುಪಡಿ ಪತ್ರದ ಕೊನೆಯಲ್ಲಿ ಒಂಟಿಯಾಗಿ ನಿಂತ ಮಾತುಗಳು. ನಿಮ್ಮ 2017ರ ಪತ್ರದ ಕಲಂ 9 ನೋಡಿ. ಶೆಡ್‌ನ ಛಾವಣಿ ರಿಪೇರಿ ಮಾಲೀಕರದ್ದು ಎಂದಿದೆ. ಮೂಲ ಕರಾರಿನ ಯಾವ ಕಲಮಿಗೆ ಇದನ್ನು ಸೇರಿಸಬೇಕು ಎಂದು ಎಲ್ಲೂ ಹೇಳಿಲ್ಲ. ಮೂಲ ಕರಾರೋ ಎಲ್ಲ ರಿಪೇರಿಯೂ ಬಾಡಿಗೆದಾರರದ್ದು ಎನ್ನುತ್ತದೆ. ಕಂಪನಿಯ ಕರಡಿನಲ್ಲಿ ಕಲಂ 9ರ ಸುಳಿವೇ ಇಲ್ಲ. ಇಲ್ಲಿ ತಪ್ಪಿದ್ದು ನಿಮಗೆ ಲಾಭದ ಕಡೆಗೆ ತಪ್ಪಿದೆ, ಆದರೂ ಅದನ್ನು ಸೇರಿಸಿ ಎಂದೇ ನಾನು ಹೇಳುತ್ತೇನೆ. ನಿಮಗೆ ಬೇಕಾದ ತಪ್ಪನ್ನು ಮುಚ್ಚಿಟ್ಟು ಬೇಡವಾದ ತಪ್ಪನ್ನು ಮಾತ್ರ ಎತ್ತಿ ತೋರಿಸಿದರೆ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ.

ವ್ಯಾಖ್ಯೆಗಳೂ ಹಾಗೇ. 2012ರಲ್ಲಿ ‘ಗೋದಾಮು’ ಅಂದರೆ 18,000 ಚದರ ಅಡಿಯ ಕಟ್ಟಡ. 2017ರಲ್ಲಿ 4,000 ಚದರ ಅಡಿಯ ಶೆಡ್ ಬಂತು, ಆದರೆ ‘ಗೋದಾಮು’ ಎಂಬ ವ್ಯಾಖ್ಯೆಯನ್ನು ಯಾರೂ ಮುಟ್ಟಲಿಲ್ಲ. ಬೆಂಕಿ ವಿಮೆಯ ಕಲಂ ‘ಗೋದಾಮಿಗೆ’ ವಿಮೆ ಮಾಡಿಸತಕ್ಕದ್ದು ಎನ್ನುತ್ತದೆ. ಶೆಡ್‌ಗೆ ವಿಮೆ ಮಾಡಿಸುವ ಹೊಣೆ ಯಾರದು? ಕಾಗದದಲ್ಲಿ ಉತ್ತರ ಇಲ್ಲ. ನೀವು ಉತ್ತರ ಸೃಷ್ಟಿಸಬೇಡಿ, ಪ್ರಶ್ನೆಯನ್ನು ಬರೆದಿಡಿ.

ಹೀಗೆ ಬರೆದಿಟ್ಟ ಪ್ರಶ್ನೆಗಳದ್ದೇ ಒಂದು ಪಟ್ಟಿ ಆಗುತ್ತದೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಬೆಲೆ ಇರುವುದು ಈ ಪಟ್ಟಿಗೆ. ಪ್ರತಿ ಪ್ರಶ್ನೆಗೂ ಕಾಗದ ಏನು ಹೇಳುತ್ತದೆ, ನಿಜವಾಗಿ ಏನು ನಡೆದುಕೊಂಡು ಬಂದಿದೆ, ನೀವು ಏನು ಬಯಸುತ್ತೀರಿ ಎಂದು ಎದುರೆದುರೇ ಬರೆಯಿರಿ. ಅದನ್ನು ಕಂಪನಿಗೆ ಕಳಿಸಿ. ಕರಡಿನ ಮೇಲೆ ಜಗಳ ಆಡುವುದಕ್ಕಿಂತ ಪಟ್ಟಿಯ ಮೇಲೆ ಮಾತಾಡುವುದು ಎಷ್ಟೋ ಸುಲಭ.

ಶೇ 10 ಮತ್ತು 12ರ ಪ್ರಶ್ನೆಗೆ ನನ್ನ ಅಭಿಪ್ರಾಯ ಕೇಳಿದರೆ: 2021ರಲ್ಲಿ ಇಬ್ಬರ ಉದ್ದೇಶವೂ ದರವನ್ನು 10ಕ್ಕೆ ಇಳಿಸುವುದೇ ಆಗಿತ್ತು ಎಂದು ಆ ಪುಟ ಓದಿದರೆ ಅನ್ನಿಸುತ್ತದೆ. 2023ರಿಂದ ಆ ಲೆಕ್ಕದಲ್ಲೇ ಹಣ ಬಂದಿದೆ, ನಿಮ್ಮ ತಂದೆ ತಕರಾರು ಎತ್ತಿಲ್ಲ. ಆದರೆ ಕಾನೂನಿನಲ್ಲಿ ನಿಮ್ಮ ಕಡೆಯೂ ಬಲವಿದೆ. ರಿಜಿಸ್ಟರ್ ಆದ ಕರಾರಿನ ಬಾಡಿಗೆಯನ್ನು ರಿಜಿಸ್ಟರ್ ಆಗದ ಕಾಗದದಿಂದ ಬದಲಿಸಿದ್ದೇವೆ ಎಂದು ಕೋರ್ಟಿನಲ್ಲಿ ಸಾಧಿಸುವುದು ಕಂಪನಿಗೆ ಕಷ್ಟ. ಬಾಯಿಮಾತಿನಲ್ಲಿ ಬದಲಿಸಿದೆವು ಅನ್ನೋದಕ್ಕೂ ದಾರಿ ಇಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 92ನೇ ಕಲಂ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 95ನೇ ಕಲಂ, ಅದಕ್ಕೆ ಅಡ್ಡ ಬರುತ್ತದೆ. ಈ ಬಲವನ್ನು ಇಟ್ಟುಕೊಂಡು ಮಾತಾಡಿ. ಹಿಂದಿನದು 10ಕ್ಕೇ ಇರಲಿ, 2026ರಿಂದ ಮುಂದಕ್ಕೆ 12 ಎಂಬಂಥ ಒಪ್ಪಂದಕ್ಕೆ ಬರಬಹುದು. ಏನೇ ಒಪ್ಪಿದರೂ ‘2021ರ ಪತ್ರದಲ್ಲಿ 15 ಎಂದು ಬರೆದದ್ದು ಇಬ್ಬರ ಕೈತಪ್ಪು, ಈಗ ಹೀಗೆ ಸರಿಪಡಿಸಿದ್ದೇವೆ’ ಎಂದು ಪತ್ರದಲ್ಲೇ ಬಿಚ್ಚಿ ಬರೆಸಿ. ಒಪ್ಪಂದ ಆಗಲೇ ಇಲ್ಲ ಅಂದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 26ನೇ ಕಲಮಿನಲ್ಲಿ, ಇಬ್ಬರಿಂದಲೂ ಆದ ತಪ್ಪನ್ನು ತಿದ್ದಲು ಕೋರ್ಟಿಗೆ ಅಧಿಕಾರ ಇದೆ.

ಕೋವಿಡ್ ಇಮೇಲ್ ಬಗ್ಗೆ ಸ್ವಲ್ಪ ಹುಷಾರಾಗಿರಬೇಕು, ಎರಡೂ ಕಡೆಯವರು. ‘ಪರಿಸ್ಥಿತಿ ಸುಧಾರಿಸುವವರೆಗೆ ಅರ್ಧ ಬಾಡಿಗೆ, ಉಳಿದದ್ದು ಆಮೇಲೆ ನೋಡೋಣ’ ಎಂದಿದೆ. ಅರ್ಧ ಬಿಟ್ಟುಕೊಟ್ಟದ್ದಾ, ಮುಂದೂಡಿದ್ದಾ? ಬಾಡಿಗೆ ಬಾಕಿ ಕೇಳಿ ಕೋರ್ಟಿಗೆ ಹೋಗಲು ಕಾಲಮಿತಿ 3 ವರ್ಷ. 2020ರ ಬಾಕಿಗೆ ಅದು ಮುಗಿದಿದೆ, ನಡುವೆ ಕಂಪನಿ ಅದನ್ನು ಬರಹದಲ್ಲಿ ಒಪ್ಪಿಕೊಂಡಿಲ್ಲದಿದ್ದರೆ. ಆದರೆ ಕಾಲ ಮೀರಿದ ಬಾಕಿಯನ್ನೂ ‘ಕೊಡುತ್ತೇನೆ’ ಎಂದು ಬರೆದು ಸಹಿ ಹಾಕಿದರೆ ಅದು ಹೊಸ ಕರಾರಾಗುತ್ತದೆ, ಕರಾರು ಕಾಯ್ದೆಯ 25ನೇ ಕಲಂ ಹಾಗೆ ಹೇಳುತ್ತದೆ. ಹಾಗಾಗಿ ಈ ಇಮೇಲಿನ ಮಾತನ್ನು ಹೊಸ ಪತ್ರಕ್ಕೆ ಹಾಗೇ ಎತ್ತಿ ಹಾಕಬಾರದು. ನಿಮ್ಮ ತಂದೆ ಬಿಟ್ಟುಕೊಟ್ಟದ್ದೇ ಹೌದಾದರೆ ಅಷ್ಟನ್ನು ತಿಂಗಳು, ಮೊತ್ತದ ಸಮೇತ ಬರೆದು ಆ ವಿಷಯ ಮುಗಿಸಿಬಿಡಿ.

ಜಿಎಸ್‌ಟಿ ಪತ್ರ, ವಿಲೀನದ ಪತ್ರ ಎರಡೂ ಅಷ್ಟೇನೂ ತೊಂದರೆಯವಲ್ಲ. ಸೇವಾ ತೆರಿಗೆಯ ಕಲಂ 2017ರ ಜುಲೈ 1ಕ್ಕೇ ಸತ್ತಿದೆ, ಅದನ್ನು ತೆಗೆಯಬಹುದು. ವಿಲೀನಕ್ಕೆ ಆದೇಶದ ಪ್ರತಿ, ಸಹಿ ಹಾಕುವವರಿಗೆ ಅಧಿಕಾರ ಕೊಟ್ಟ ಆಡಳಿತ ಮಂಡಳಿಯ ನಿರ್ಣಯದ ಪ್ರತಿ ಕೇಳಿ ಪಡೆಯಿರಿ.

ಈಗ ಎಲ್ಲಕ್ಕಿಂತ ಮುಖ್ಯವಾದ 2024ರ ವಿಸ್ತರಣೆ. ನೀವು ಪ್ರಶ್ನೆಯಲ್ಲಿ ಇದನ್ನು ಕೊನೆಗೆ ಬರೆದಿದ್ದೀರಿ, ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಇದೇ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಬಾಡಿಗೆ ಕರಾರು ರಿಜಿಸ್ಟರ್ ಆಗಲೇಬೇಕು ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 107ನೇ ಕಲಂ ಮತ್ತು 1908ರ ನೋಂದಣಿ ಕಾಯ್ದೆಯ 17ನೇ ಕಲಂ ಹೇಳುತ್ತವೆ. ಊರಲ್ಲೆಲ್ಲ 11 ತಿಂಗಳ ಕರಾರು ಓಡಾಡುವುದೇ ಈ ಕಾರಣಕ್ಕೆ. 5 ವರ್ಷದ ವಿಸ್ತರಣೆಯನ್ನು ಸ್ಟ್ಯಾಂಪ್ ಪೇಪರ್ ಮೇಲೆ ಬರೆದು ಬೀರುವಿನಲ್ಲಿಟ್ಟರೆ ಆ 5 ವರ್ಷ ನಿಮಗೆ ಸಿಗಲ್ಲ, ಕಂಪನಿಗೂ ಸಿಗಲ್ಲ. 2027ರ ಸೆಪ್ಟೆಂಬರ್ 30 ಆದ ಮೇಲೆ ಕಂಪನಿ ಅಲ್ಲೇ ಉಳಿದು ನೀವು ಬಾಡಿಗೆ ತೆಗೆದುಕೊಂಡರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಆಗುತ್ತದೆ. 15 ದಿನದ ನೋಟಿಸ್ ಕೊಟ್ಟು ಯಾರು ಬೇಕಾದರೂ ಮುಗಿಸಬಹುದು. 2032ರವರೆಗೆ ಬಾಡಿಗೆ ಬರುತ್ತದೆ ಎಂದು ನಂಬಿ ಸಾಲ ತೆಗೆದಿದ್ದರೆ ಯೋಚನೆ ಮಾಡಿ. ಆ ಹಳೆ ಪತ್ರವನ್ನೇ ಈಗ ರಿಜಿಸ್ಟರ್ ಮಾಡಿಸೋಣ ಅಂದರೆ ಅದೂ ಆಗಲ್ಲ. ಸಹಿ ಹಾಕಿದ 4 ತಿಂಗಳೊಳಗೆ ಹಾಜರುಪಡಿಸಬೇಕು, ದಂಡ ಕಟ್ಟಿದರೆ ಇನ್ನೊಂದು 4 ತಿಂಗಳು ಸಿಗುತ್ತದೆ, ಅಷ್ಟೇ.

ಅಂದರೆ ಹೇಗಿದ್ದರೂ ಒಂದು ಹೊಸ ಪತ್ರ ರಿಜಿಸ್ಟರ್ ಆಗಬೇಕು. ಹಾಗಾಗಿ ನಿಮ್ಮ ವಿಷಯದಲ್ಲಿ ನನ್ನ ಸಲಹೆ: ಪಟ್ಟಿ ಇತ್ಯರ್ಥ ಮಾಡಿಕೊಂಡು, ಎಲ್ಲ ಷರತ್ತುಗಳನ್ನೂ ಸೇರಿಸಿ, 2032ರವರೆಗೆ ಒಂದೇ ಹೊಸ ಬಾಡಿಗೆ ಕರಾರು ಮಾಡಿ, ಸ್ಟ್ಯಾಂಪ್ ಶುಲ್ಕ ಪೂರ್ತಿ ಕಟ್ಟಿ ರಿಜಿಸ್ಟರ್ ಮಾಡಿಸಿ. ಶುಲ್ಕ ಅವಧಿ ಮತ್ತು ಬಾಡಿಗೆ ನೋಡಿ ನಿಗದಿಯಾಗುತ್ತದೆ. ತಲೆಬರಹದಲ್ಲಿ ‘ತಿದ್ದುಪಡಿ’ ಎಂದು ಬರೆದ ಮಾತ್ರಕ್ಕೆ ಕಡಿಮೆ ಆಗಲ್ಲ, ಒಳಗೆ ಏನಿದೆ ಎಂದು ನೋಡುತ್ತಾರೆ. ಕಡಿಮೆ ಸ್ಟ್ಯಾಂಪಿನ ಪತ್ರವನ್ನು ಕೋರ್ಟ್ ಸಾಕ್ಷ್ಯವಾಗಿ ಮುಟ್ಟುವುದೇ ಇಲ್ಲ. ಕರ್ನಾಟಕ ಸ್ಟ್ಯಾಂಪ್ ಕಾಯ್ದೆಯ 34ನೇ ಕಲಂ ಪ್ರಕಾರ ಬಾಕಿ ಶುಲ್ಕದ ಜೊತೆ ಅದರ ಹತ್ತು ಪಟ್ಟು ದಂಡ ಬೀಳಬಹುದು.

ಹೊಸ ಕರಾರು ಮಾಡಿದಾಗ ಹಳೆಯದಕ್ಕೆ ಏನಾಗುತ್ತದೆ ಎಂಬುದನ್ನು ಬಹಳ ಜನ ಯೋಚಿಸುವುದೇ ಇಲ್ಲ. ಹಳೆ ಕರಾರಿನ ಅವಧಿ ಇರುವಾಗಲೇ ಅದೇ ಜಾಗಕ್ಕೆ ಬಾಡಿಗೆದಾರ ಹೊಸ ಕರಾರು ಒಪ್ಪಿದರೆ ಹಳೆಯದನ್ನು ಬಿಟ್ಟುಕೊಟ್ಟಂತೆ, ಇದು ಸ್ವತ್ತು ವರ್ಗಾವಣೆ ಕಾಯ್ದೆಯ 111ನೇ ಕಲಮಿನಲ್ಲೇ ಉದಾಹರಣೆ ಸಮೇತ ಇದೆ. ಹಳೆಯದು ಸತ್ತಾಗ ಅದರೊಳಗಿದ್ದ ಆರ್ಬಿಟ್ರೇಷನ್ ಕಲಂ, ಅಂದರೆ ಜಗಳ ಬಂದರೆ ಕೋರ್ಟಿನ ಬದಲು ಮಧ್ಯಸ್ಥರು ತೀರ್ಮಾನಿಸಬೇಕು ಎಂಬ ಷರತ್ತು, ಕೂಡ ಸಾಯಬಹುದು. 1959ರಲ್ಲಿ ಭಾರತ ಸರ್ಕಾರ ಮತ್ತು ಕಿಶೋರಿಲಾಲ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಹೊಸ ಒಪ್ಪಂದ ಹಳೆಯದರ ಜಾಗಕ್ಕೆ ಪೂರ್ತಿಯಾಗಿ ಬಂದಿದ್ದರಿಂದ ಹಳೆಯ ಆರ್ಬಿಟ್ರೇಷನ್ ಕಲಂ ಅದರ ಜೊತೆಗೇ ಹೋಯಿತು. ನಿಮ್ಮ ಮೂಲ ಕರಾರಿನಲ್ಲಿ ಆ ಕಲಂ ಇದೆ, ಕಂಪನಿಯ ಕರಡಿನಲ್ಲಿ ಇಲ್ಲ. ಬೇಕಿದ್ದರೆ ಹೊಸದರಲ್ಲಿ ಮತ್ತೆ ಬರೆಸಲೇಬೇಕು. ಜೊತೆಗೆ ಒಂದು ಉಳಿಕೆ ಕಲಂ ಹಾಕಿಸಿ: ಈ ತಾರೀಕಿಗೆ ಮುಂಚೆ ಹುಟ್ಟಿದ ಬಾಕಿ, ಹಕ್ಕು, ಹೊಣೆ ಎಲ್ಲ ಹಾಗೇ ಉಳಿಯುತ್ತವೆ, ಅವಕ್ಕೂ ಹೊಸ ಆರ್ಬಿಟ್ರೇಷನ್ ಕಲಂ ಅನ್ವಯಿಸುತ್ತದೆ, ಹಳೆ ಠೇವಣಿಯೇ ಮುಂದುವರಿಯುತ್ತದೆ.

2012ರಲ್ಲಿ ಕಂಪನಿಯ ಪರವಾಗಿ ಒಬ್ಬರು ಜಾಮೀನು ಸಹಿ ಹಾಕಿದ್ದಾರೆ, ಅಲ್ವಾ? ಅವರನ್ನು 2017ರಲ್ಲೂ ಕರೆದಿಲ್ಲ, 2021ರಲ್ಲೂ ಕರೆದಿಲ್ಲ. ಜಾಮೀನುದಾರರ ಒಪ್ಪಿಗೆ ಇಲ್ಲದೆ ಕರಾರು ಬದಲಿಸಿದರೆ ಅಲ್ಲಿಂದ ಮುಂದಿನ ವ್ಯವಹಾರಕ್ಕೆ ಅವರು ಹೊಣೆಯಲ್ಲ ಎಂದು ಕರಾರು ಕಾಯ್ದೆಯ 133ನೇ ಕಲಂ ಹೇಳುತ್ತದೆ. ಜಾಮೀನು ಬೇಕು ಅಂದರೆ ಹೊಸ ಪತ್ರಕ್ಕೆ ಅವರದ್ದೂ ಸಹಿ ಬೇಕು.

ಹೊಸದು ರಿಜಿಸ್ಟರ್ ಆದ ಮೇಲೂ ಹಳೆಯ ಏಳು ಕಾಗದಗಳನ್ನು, ಓದುಪ್ರತಿಯನ್ನು, ಆ ಪ್ರಶ್ನೆಗಳ ಪಟ್ಟಿಯನ್ನು ಒಟ್ಟಿಗೆ ಕಟ್ಟಿ ಇಡಿ, ಹರಿದು ಹಾಕಬೇಡಿ.

ಕೊನೆಯದಾಗಿ ತಾರೀಕಿನ ವಿಷಯ. ನಿಮ್ಮ 6,272 ರೂಪಾಯಿ ವ್ಯತ್ಯಾಸ ಶುರುವಾದದ್ದು 2023ರ ಅಕ್ಟೋಬರ್‌ನಲ್ಲಿ. ಮೂರು ವರ್ಷದ ಕಾಲಮಿತಿ ಒಂದೊಂದು ತಿಂಗಳ ಬಾಕಿಗೂ ಬೇರೆ ಬೇರೆ ಓಡುತ್ತದೆ. 2026ರ ಅಕ್ಟೋಬರ್ ಬಂದರೆ ಮೊದಲ ತಿಂಗಳಿನದ್ದು ಕೈತಪ್ಪುತ್ತದೆ, ಆಮೇಲೆ ಪ್ರತಿ ತಿಂಗಳೂ ಒಂದೊಂದು. ಮಾತುಕತೆ ನಡೆಯುತ್ತಿದೆ ಎಂಬ ಕಾರಣಕ್ಕೆ ಈ ಗಡುವು ನಿಲ್ಲುವುದಿಲ್ಲ. ಬಾಕಿ ಕೊಡಿ ಎಂದು ಬರೀ ನೋಟಿಸ್ ಕೊಟ್ಟರೂ ನಿಲ್ಲುವುದಿಲ್ಲ. ಆದ್ದರಿಂದ ಪಟ್ಟಿ ಕಳಿಸುವಾಗಲೇ ಒಂದು ಸಣ್ಣ ಪತ್ರಕ್ಕೆ ಕಂಪನಿಯ ಸಹಿ ಪಡೆಯಲು ನೋಡಿ. ವ್ಯತ್ಯಾಸದ ಬಾಕಿ ಇದೆ, ಎಷ್ಟು ಎಂಬುದನ್ನು ಲೆಕ್ಕ ಮಾಡಿ ತೀರ್ಮಾನಿಸುತ್ತೇವೆ ಎಂದು ಅದರಲ್ಲಿ ಇರಬೇಕು. ಆಗ ಸಹಿ ಹಾಕಿದ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಬಾಕಿ ಇದೆ ಅನ್ನೋದನ್ನೇ ಅವರು ಒಪ್ಪದಿದ್ದರೆ, ಸೆಪ್ಟೆಂಬರ್‌ಗೆ ಮುಂಚೆ ಎಲ್ಲ ಕಾಗದ ಹಿಡಿದು ನಿಮ್ಮೂರಿನ ಸಿವಿಲ್ ವಕೀಲರ ಹತ್ತಿರ ಹೋಗಿ.